‘ಬಹುದು’ ಮತ್ತು ‘ತಕ್ಕದ್ದು’

ಭಾಷೆಯನ್ನು ಕಲಿಸಿ ಜೀವನ ಸಾಗಿಸಿದವನಿಗೆ ಒಂದು ಅಭ್ಯಾಸವುಂಟು. ಲೋಕದಲ್ಲಿ ಯಾವ ಹೊಸ ಪದಾರ್ಥವು ಬಂದರೂ ಅವನು ಮೊದಲು ಅದರ ಹೆಸರನ್ನು ಹಿಡಿದುಕೊಳ್ಳುತ್ತಾನೆ. ಪದಾರ್ಥವನ್ನು ಆಮೇಲೆ ನೋಡುತ್ತಾನೆ. ಈಚೀಚೆಗೆ ವೃತ್ತಪತ್ರಿಕೆಗಳಲ್ಲಿಯೂ ಸರಕಾರದ ಪ್ರಕಟಣೆಗಳಲ್ಲಿಯೂ ಹೆಜ್ಜೆ ಹೆಜ್ಜೆಗೆ ಕಾಣಬರುತ್ತಿರುವ ‘ನವೀಕರಿಸಬಹುದಾದ’ ಎಂಬ ವಿಶೇಷಣದ ವಿಷಯದಲ್ಲಿ ನನಗೆ ಆದುದೂ ಇದೇ. ಭೂಗರ್ಭದಿಂದ ತೆಗೆದ ಕಲ್ಲೆಣ್ಣೆ, ಕಲ್ಲಿದ್ದಲು ಒಮ್ಮೆ ಮುಗಿದರೆ ಮುಗಿದವು. ಮರ, ಧಾನ್ಯ, ಕಬ್ಬು, ಎಣ್ಣೆಬೀಜ ಇವು ಮತ್ತೆ ಮತ್ತೆ ಬೆಳೆಯುವಂಥವು. ಆದಕಾರಣ ಬಂಡಿಗಳಿಗೆ ಬೇಕಾದ ಇಂಧನವನ್ನೂ, ಬಣ್ಣ ನೂಲು ಪ್ಲಾಸ್ಟಿಕ್ಕುಗಳಿಗೆ ಬೇಕಾದ ರಸಾಯನಗಳನ್ನೂ ಇವುಗಳಿಂದಲೇ ಮಾಡಿಕೊಳ್ಳೋಣ ಎಂಬುದು ಆ ಪದದ ಹಿಂದಿರುವ ಆಲೋಚನೆ. ಆಲೋಚನೆ ಒಳ್ಳೆಯದು. ಪದದ ವಿಷಯದಲ್ಲಿ ಮಾತ್ರ ನನಗೊಂದು ತಕರಾರುಂಟು.

ಸಂಸ್ಕೃತ ವ್ಯಾಕರಣದಲ್ಲಿ ಕೃತ್ಯಪ್ರತ್ಯಯಗಳೆಂಬ ಒಂದು ಗುಂಪುಂಟು. ತವ್ಯ, ಅನೀಯ, ಯ ಎಂಬುವು ಅದಕ್ಕೆ ಸೇರಿದುವು. ‘ಪಾನೀಯ’ವೆಂದರೆ ಕುಡಿಯಲು ಯೋಗ್ಯವಾದುದು, ಕುಡಿಯಲೇಬೇಕೆಂದಿಲ್ಲ. ‘ಕರ್ತವ್ಯ’ವೆಂದರೆ ಮಾಡಲೇಬೇಕಾದುದು. ಒಂದೇ ಗುಂಪಿನ ಪ್ರತ್ಯಯಗಳು ಯೋಗ್ಯತೆಯನ್ನೂ ಹೇಳುತ್ತವೆ, ವಿಧಿಯನ್ನೂ ಹೇಳುತ್ತವೆ. ಹಿಂದಿಯವರು ಮೇಲೆ ಹೇಳಿದ ವಸ್ತುಗಳನ್ನು ‘ನವೀಕರಣೀಯ’ವೆನ್ನುತ್ತಾರೆ. ಪಾಠಶಾಲೆಯಲ್ಲಿ ಪಳಗಿದ ಕಿವಿಗೆ ಆ ಪದದಲ್ಲಿ ಎರಡು ಧ್ವನಿ ಕೇಳಿಸುತ್ತದೆ: ಹೊಸದಾಗಿಸಲು ಸಾಧ್ಯವಾದುದು, ಹೊಸದಾಗಿಸಲೇಬೇಕಾದುದು. ನಮ್ಮ ಕನ್ನಡದಲ್ಲಿಯೂ ಇಂಥ ಮಾತಿಲ್ಲದೆ ಇಲ್ಲ. ‘ನೋಡತಕ್ಕ ಊರು’ ಎಂದರೆ ನೋಡಲು ಯೋಗ್ಯವಾದ ಊರು. ‘ಕಂದಾಯವನ್ನು ಕಟ್ಟತಕ್ಕದ್ದು’ ಎಂದರೆ ಕಟ್ಟದೆ ವಿಧಿಯಿಲ್ಲ. ಹಳೆಯ ಕರಾರುಪತ್ರಗಳೆಲ್ಲವೂ ಈ ‘ತಕ್ಕದ್ದು’ ಎಂಬ ಕಂಬದ ಮೇಲೆಯೇ ನಿಂತಿವೆ. ‘ಬಹುದು’ ಎಂಬುದರಲ್ಲಿಯಾದರೋ ಅನುಮತಿಯುಂಟು, ಹೊಣೆಯಿಲ್ಲ. ನವೀಕರಿಸಬಹುದು, ನವೀಕರಿಸದೆಯೂ ಇರಬಹುದು. ಯಾರು ನವೀಕರಿಸುವವರು, ಯಾವಾಗ, ಯಾರ ವೆಚ್ಚದಲ್ಲಿ ಎಂಬ ಪ್ರಶ್ನೆಗಳಿಗೆ ಆ ಮಾತಿನಲ್ಲಿ ಎಡೆಯೇ ಇಲ್ಲ.

ಇದು ಪಂಡಿತನೊಬ್ಬನ ಕೂದಲು ಸೀಳುವ ಕೆಲಸವೆಂದು ವಾಚಕರು ನಗಬಹುದು. ನಗುವುದಕ್ಕೆ ಮೊದಲು ಕೆಲವು ಪದಾರ್ಥಗಳನ್ನೇ ನೋಡೋಣ.

ನಾನು ಓದಿದ ಪಾಠಶಾಲೆಯು ಮಲೆನಾಡಿನ ಅಂಚಿನ ಒಂದು ಗ್ರಾಮದಲ್ಲಿದ್ದಿತು. 1970ರ ದಶಕದಲ್ಲಿ ಅಲ್ಲಿಗೆ ವಿದ್ಯುತ್ತು ಬಂದಿದ್ದರೂ ಸಂಜೆಯ ಪಾಠದ ಹೊತ್ತಿಗೆ ಅದನ್ನು ನೆಚ್ಚುವಂತಿರಲಿಲ್ಲ. ಸೀಮೆಎಣ್ಣೆಯು ಅಳತೆಯ ಮೇಲೆ ದೊರೆಯುತ್ತಿದ್ದಿತು. ಆದುದರಿಂದ ಹೊಂಗೆಯೆಣ್ಣೆಯ ಹಣತೆಗಳೇ ನಮಗೆ ಗತಿ. ಬೇಸಗೆಯ ಮೊದಲಲ್ಲಿ ವಿದ್ಯಾರ್ಥಿಗಳಾದ ನಾವು ಕೆರೆಯ ಏರಿಯ ಮೇಲಣ ಮರಗಳ ಕೆಳಗೆ ಕಾಯನ್ನು ಆಯ್ದು, ಸುಲಿದು, ಬೀಜವನ್ನು ಗಾಣಕ್ಕೆ ಕೊಡುತ್ತಿದ್ದೆವು. ಎಣ್ಣೆ ಕಹಿ, ದೀಪದಲ್ಲಿ ಹೊಗೆಯೂ ಕೊಂಚ ಹೆಚ್ಚು. ಗಾಣದವನು ಎಣ್ಣೆಯನ್ನು ಅಳೆದುಕೊಟ್ಟು ಹಿಂಡಿಯನ್ನು ತಾನೇ ಇಟ್ಟುಕೊಳ್ಳಲು ಹವಣಿಸಿದರೆ ನಮ್ಮ ಅಧ್ಯಾಪಕರು ಒಪ್ಪುತ್ತಿರಲಿಲ್ಲ. ಎಣ್ಣೆ ದೀಪಕ್ಕೆ, ಹಿಂಡಿ ಗದ್ದೆಗೆ ಎಂಬುದು ಅವರ ಕಟ್ಟಳೆ. ನಾವು ಆ ಹಿಂಡಿಯ ಮೂಟೆಯನ್ನು ಹೊತ್ತು ಪಾಠಶಾಲೆಯ ಗದ್ದೆಗೆ ಒಯ್ಯುವಾಗ ಗೊಣಗುತ್ತಿದ್ದುದುಂಟು. ಶಬ್ದರೂಪಗಳನ್ನು ಉರು ಹಾಕುವ ಬಾಲಕರಿಗೆ ಗೊಬ್ಬರದ ಮೂಟೆಯ ಗೊಡವೆಯೇಕೆ ಎಂಬುದು ನಮ್ಮ ವಾದ.

ಅದರ ತತ್ತ್ವವನ್ನು ನನಗೆ ವಿವರಿಸಿ ಹೇಳಿದವರು, ಬಹುಕಾಲದ ತರುವಾಯ, ನನ್ನೊಡನೆ ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರವನ್ನು ಕಲಿಸುತ್ತಿದ್ದ ಒಬ್ಬ ಮಿತ್ರರು. ಎಣ್ಣೆಯೆಂಬುದು ಇಂಗಾಲ, ಜಲಜನಕ, ಆಮ್ಲಜನಕ ಈ ಮೂರರಿಂದಲೇ ಆದುದು. ಗಿಡವು ಇಂಗಾಲವನ್ನು ಗಾಳಿಯಿಂದಲೂ ಜಲಜನಕವನ್ನು ನೀರಿನಿಂದಲೂ ಪಡೆದು ಬಿಸಿಲಿನ ಬಲದಿಂದ ಅದನ್ನು ಕಟ್ಟುತ್ತದೆ. ದೀಪದಲ್ಲಿ ಉರಿದಾಗ ಅದು ಮತ್ತೆ ಗಾಳಿಯಾಗಿ ನೀರಾವಿಯಾಗಿ ಹೊರಟುಹೋಗುತ್ತದೆ. ನೆಲಕ್ಕೆ ಅದರಿಂದ ನಷ್ಟವಿಲ್ಲ. ನೆಲದಿಂದ ಬಂದ ರಂಜಕ, ಪೊಟ್ಯಾಶ್ ಮೊದಲಾದ ಸತ್ತ್ವಗಳೂ, ಸಾರಜನಕವೂ ಬೀಜದಲ್ಲಿದ್ದರೂ ಎಣ್ಣೆಗೆ ಸೇರುವುದಿಲ್ಲ. ಅವೆಲ್ಲ ಹಿಂಡಿಯಲ್ಲಿಯೇ ನಿಲ್ಲುತ್ತವೆ. ಅಂದಮೇಲೆ ಎಣ್ಣೆಯನ್ನು ಉರಿಸಿದವನು ಆಕಾಶದ ಸಾಲವನ್ನು ಆಕಾಶಕ್ಕೆ ತೀರಿಸಿದಂತಾಯಿತು. ಹಿಂಡಿಯನ್ನು ಹೊಲಕ್ಕೆ ಹಾಕಿದವನು ನೆಲದ ಸಾಲವನ್ನು ನೆಲಕ್ಕೆ ತೀರಿಸಿದಂತಾಯಿತು. ನಮ್ಮ ಅಧ್ಯಾಪಕರಿಗೆ ಈ ರಸಾಯನವು ತಿಳಿದಿತ್ತೆಂದು ನಾನು ಹೇಳಲಾರೆ. ಆದರೆ ನಮ್ಮ ಬೆನ್ನಿನ ಮೇಲಣ ಮೂಟೆಯೇ ‘ತಕ್ಕದ್ದು’ ಎಂಬ ಪ್ರತ್ಯಯವಾಗಿತ್ತು.

ಗಿಡದಿಂದ ಬಂದ ಸರಕು ತಾನಾಗಿಯೇ ಅಕ್ಷಯವಾಗಲಾರದೆಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ದೊಡ್ಡ ನಿದರ್ಶನವೊಂದುಂಟು. ಹಿಂದೆ ಬೆಂಕಿಪುರವೆಂದು ಕರೆಯಿಸಿಕೊಳ್ಳುತ್ತಿದ್ದ ಭದ್ರಾವತಿಯಲ್ಲಿ 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯು ಕೆಲಸಕ್ಕೆ ತೊಡಗಿತು. ಸರ್ ಎಂ. ವಿಶ್ವೇಶ್ವರಯ್ಯನವರ ಸಂಕಲ್ಪದ ಫಲವದು. ಕಬ್ಬಿಣದ ಸಂಗತಿಯನ್ನು ಎಲ್ಲರೂ ಬಲ್ಲರು. ಆ ಕಬ್ಬಿಣವನ್ನು ಕರಗಿಸಿದುದು ಕಲ್ಲಿದ್ದಲಲ್ಲ, ಕಾಡಿನ ಮರದ ಇದ್ದಲು ಎಂಬುದನ್ನು ಬಲ್ಲವರು ಕಡಿಮೆ. ಮರವನ್ನು ಗುಂಡಿಯಲ್ಲಿ ಸುಟ್ಟು ಇದ್ದಲು ಮಾಡಿದರೆ ಹೊಗೆಯಷ್ಟೂ ಹಾಳು. ಭದ್ರಾವತಿಯಲ್ಲಿ ಹಾಗೆ ಮಾಡಲಿಲ್ಲ. ಮುಚ್ಚಿದ ಪಾತ್ರೆಗಳಲ್ಲಿ ಮರವನ್ನು ಕಾಯಿಸಿ, ಹೊಗೆಯನ್ನು ತಣಿಸಿ, ಅದರಿಂದ ಕಾಷ್ಠಮದ್ಯಸಾರವನ್ನೂ ಟಾರನ್ನೂ ತೆಗೆದರು. ಹುಳಿನೀರಿಗೆ ಸುಣ್ಣವನ್ನು ಬೆರಸಿ ಅಸಿಟೇಟ್ ಎಂಬ ಲವಣವನ್ನು ಪಡೆದರು. ಇಂದು ‘ಜೈವಿಕ ಸಂಸ್ಕರಣಾಗಾರ’ವೆಂದು ಏನನ್ನು ಹೊಸದೆಂಬಂತೆ ವರ್ಣಿಸುತ್ತಾರೋ ಅದು ನೂರು ವರ್ಷಗಳ ಹಿಂದೆಯೇ ಭದ್ರೆಯ ದಂಡೆಯ ಮೇಲಿದ್ದಿತು. ಹೊಗೆಯನ್ನೂ ವ್ಯರ್ಥಗೊಳಿಸದ ಆ ಜಾಣ್ಮೆಗೆ ಕೈಮುಗಿಯಬೇಕು. ಆದರೂ ಒಂದು ಮಾತನ್ನು ಮರೆಯಲಾಗದು. ಕುಲುಮೆಯ ಹಸಿವು ದಿನದ ಲೆಕ್ಕದ್ದು. ಮರದ ಬೆಳವಣಿಗೆ ತಲೆಮಾರಿನ ಲೆಕ್ಕದ್ದು. ಕಾಲಕ್ರಮದಲ್ಲಿ ವಿದ್ಯುತ್ತಿನ ಕುಲುಮೆಗಳು ಬಂದು ಮರದ ಇದ್ದಲಿನ ಯುಗವು ಅಲ್ಲಿ ಮುಗಿಯಿತು.

ಅದೇ ಊರಿನಲ್ಲಿ 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯು ಬಿದಿರನ್ನು ನೆಚ್ಚಿಕೊಂಡಿತು. ಮುಂದೆ ನೀಲಗಿರಿ, ಅಕೇಶಿಯಾ ತೋಪುಗಳಿಗೆ ಕೈ ಹಾಕಿತು. ಬಿದಿರಿಗಿಂತ ಬೇಗ ಬೆಳೆಯತಕ್ಕ ಸಸ್ಯವು ಯಾವುದಿದೆ? ಜಾತಿಯಿಂದ ಅದು ಹುಲ್ಲು. ಕಡಿದರೆ ಬುಡದಿಂದ ಮತ್ತೆ ಕಳಲೆ ಏಳುತ್ತದೆ. ಹಾಗಿದ್ದರೂ ಕಾಗದದ ಕಾರ್ಖಾನೆಗಳಿಗೆ ಬಿದಿರನ್ನು ಕೊಡುತ್ತಿದ್ದ ಕಾಡುಗಳಲ್ಲಿ ಮೆಳೆಗಳು ಕ್ಷಯಿಸುತ್ತ ಬಂದವು. 1970ರ ದಶಕದಲ್ಲಿ ಮಾಧವ ಗಾಡ್ಗೀಳರೂ ಅವರ ಸಂಗಡಿಗರೂ ಕರ್ಣಾಟಕದ ಬಿದಿರುಮೆಳೆಗಳನ್ನು ಪರಿಶೀಲಿಸಿದಾಗ ಒಂದು ಸೂಕ್ಷ್ಮವು ಹೊರಪಟ್ಟಿತು. ಮೆಳೆಯ ಬುಡದಲ್ಲಿ ಹೆಣೆದುಕೊಂಡಿರುವ ಮುಳ್ಳುಕೊಂಬೆಗಳನ್ನು ಸವರಿ ಚೊಕ್ಕಟ ಮಾಡಿದರೆ ಬಿದಿರು ಚೆನ್ನಾಗಿ ಬೆಳೆದೀತೆಂದು ಅರಣ್ಯದವರು ಭಾವಿಸಿದ್ದರು. ಮುಳ್ಳು ಹೋದುದೇ ತಡ, ದನಕರುಗಳೂ ಕಾಡಿನ ಪ್ರಾಣಿಗಳೂ ಎಳೆಯ ಕಳಲೆಯನ್ನು ತಿಂದುಬಿಟ್ಟವು. ಸುತ್ತಣ ಹಳ್ಳಿಯವರಿಗೆ ಇದು ಮೊದಲೇ ತಿಳಿದಿತ್ತು. ಬಿದಿರಿನ ಪುನರ್ಜನ್ಮವು ಅದರ ಬೇರಿನಲ್ಲಿ ಎಷ್ಟಿತ್ತೋ ಮುಳ್ಳಿನಲ್ಲಿಯೂ ಅಷ್ಟೇ ಇತ್ತು. ಬುಟ್ಟಿ ಹೆಣೆಯುವ ಮೇದರವನು ಒಂದೆರಡು ಗಳುವನ್ನು ಕಡಿದು ಮುಳ್ಳನ್ನು ಇದ್ದಲ್ಲಿಯೇ ಬಿಟ್ಟು ಬರುತ್ತಾನೆ. ಲಾರಿಗಳ ಲೆಕ್ಕದಲ್ಲಿ ಕಡಿಯುವವನಿಗೆ ಮುಳ್ಳು ಒಂದು ಅಡ್ಡಿ.

ಭದ್ರಾವತಿಯ ಆ ಸುಣ್ಣದ ಲವಣವನ್ನು ಇನ್ನೊಮ್ಮೆ ನೆನೆಯಬೇಕಾಗಿದೆ. ಏಕೆಂದರೆ ಅದರ ಕಥೆಯು ಧಾನ್ಯದ ಕಥೆಗೆ ದಾರಿ ತೋರಿಸುತ್ತದೆ. ಅದನ್ನು ಕಾಯಿಸಿದರೆ ಅಸಿಟೋನ್ ಎಂಬ ದ್ರವವು ದೊರೆಯುವುದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನವರಿಗೆ ಕಾರ್ಡೈಟ್ ಎಂಬ ಹೊಗೆಯಿಲ್ಲದ ತೋಪಿನ ಮದ್ದನ್ನು ಮಾಡುವುದಕ್ಕೆ ಅಸಿಟೋನ್ ಅತ್ಯವಶ್ಯಕವಾಗಿದ್ದಿತು. ಮರವನ್ನು ಬಟ್ಟಿಯಿಳಿಸಿ ಬರುವುದು ಸಾಲದಾಯಿತು. ಮ್ಯಾಂಚೆಸ್ಟರಿನಲ್ಲಿ ರಸಾಯನದ ಅಧ್ಯಾಪಕರಾಗಿದ್ದ ಖೈಮ್ ವೈಜ್ಮನ್ನರು, ಮೆಕ್ಕೆಜೋಳದ ಹಿಟ್ಟಿನ ಗಂಜಿಯನ್ನು ಒಂದು ಬಗೆಯ ಸೂಕ್ಷ್ಮಜೀವಿಯಿಂದ ಹುಳಿಯಿಸಿ ಅಸಿಟೋನನ್ನು ಪಡೆಯುವ ಮಾರ್ಗವನ್ನು ಕಂಡುಹಿಡಿದರು. 1915ರಿಂದ ಅದನ್ನು ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಲಾಯಿತು. ಆದರೆ 1917ರಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಧಾನ್ಯದ ಹಡಗುಗಳನ್ನು ಮುಳುಗಿಸತೊಡಗಲು, ಇದ್ದ ಜೋಳವು ರೊಟ್ಟಿಗೋ ಮದ್ದಿಗೋ ಎಂಬ ಪ್ರಶ್ನೆಯು ಎದುರಾಯಿತು. ಆಗ ಸರಕಾರದವರು ಶಾಲೆಯ ಮಕ್ಕಳಿಂದ ಹಾರ್ಸ್ ಚೆಸ್ಟ್‌ನಟ್ ಎಂಬ, ಮನುಷ್ಯರು ತಿನ್ನಲಾರದ ಬೀಜವನ್ನು ಆಯಿಸಿದರು. ಏತಕ್ಕೆಂದು ಮಕ್ಕಳಿಗೆ ಹೇಳಲಿಲ್ಲ. ಕಿಂಗ್ಸ್ ಲಿನ್ ಎಂಬ ಊರಿನ ಕಾರ್ಖಾನೆಯಲ್ಲಿ 1918ರಲ್ಲಿ ಆ ಬೀಜದಿಂದ ಅಸಿಟೋನ್ ಮಾಡಿ ನೋಡಿದರು; ಕೆಲಸವು ಚೆನ್ನಾಗಿ ನಡೆಯದೆ ಕೆಲವೇ ತಿಂಗಳಲ್ಲಿ ನಿಂತಿತು. ಬೀಜ ಆಯುವ ಬಾಲಕರ ಗುಂಪಿನಲ್ಲಿ ಒಮ್ಮೆ ನಾನೂ ಇದ್ದವನಾದುದರಿಂದ ಈ ವೃತ್ತಾಂತವು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿದೆ. ನಮಗೆ ದೀಪ ಕಾಣುತ್ತಿತ್ತು, ಗದ್ದೆ ಕಾಣುತ್ತಿತ್ತು. ಆ ಮಕ್ಕಳಿಗೆ ಬೀಜ ಹೋದ ದಾರಿಯೇ ಕಾಣಲಿಲ್ಲ.

ಇಂದು ನಮ್ಮ ನಾಡಿನಲ್ಲಿ ಮೆಕ್ಕೆಜೋಳವು ಅದೇ ಕವಲುದಾರಿಗೆ ಬಂದು ನಿಂತಿದೆ. ಪೆಟ್ರೋಲಿಗೆ ನೂರಕ್ಕೆ 20 ಪಾಲು ಮದ್ಯಸಾರವನ್ನು ಬೆರಸಬೇಕೆಂದು 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯು 2030ರ ಗಡುವನ್ನಿಟ್ಟಿದ್ದಿತು. ಆಮೇಲೆ ಗಡುವು ಹಿಂದಕ್ಕೆ ಸರಿದು, 2025ರಲ್ಲಿಯೇ ಗುರಿಯನ್ನು ಮುಟ್ಟಿದ್ದಾಯಿತು. ಮೊದಲು ಕಬ್ಬಿನ ಕಾಕಂಬಿಯೇ ಇದಕ್ಕೆ ಮುಖ್ಯ ಆಧಾರ. 2023ರ ಡಿಸೆಂಬರಿನಲ್ಲಿ ಸಕ್ಕರೆಗೆ ಕೊರತೆಯಾದೀತೆಂದು ಕಬ್ಬಿನ ಹಾಲಿನ ಬಳಕೆಗೆ ಸರಕಾರವು ತಡೆ ಹಾಕಿತು; 2024ರ ಜನವರಿಯಲ್ಲಿ ಮೆಕ್ಕೆಜೋಳದ ಮದ್ಯಸಾರಕ್ಕೆ ಲೀಟರಿಗೆ 71 ರೂಪಾಯಿ 86 ಪೈಸೆಯ ಬೆಲೆಯನ್ನು ಗೊತ್ತುಮಾಡಿತು. ಧಾನ್ಯವು ಕಬ್ಬನ್ನು ಮೀರಿಸಿತು. ಜೋಳವನ್ನು ಹೊರಗೆ ಮಾರುತ್ತಿದ್ದ ನಮ್ಮ ದೇಶವು 2024ರಲ್ಲಿ ಅದನ್ನು ಹೊರದೇಶಗಳಿಂದ ಕೊಂಡು ತರುವಂತಾಯಿತು. ಮರುವರ್ಷ ರೈತರು ಹುರುಪಿನಿಂದ ಬಿತ್ತಿದರು; ಬೆಳೆ ಬಂದಿತು, ಬೆಲೆ ಬಿದ್ದಿತು. ಬೆಂಬಲ ಬೆಲೆಯು ಕ್ವಿಂಟಲಿಗೆ 2,400 ರೂಪಾಯಿಯೆಂದು ಕಾಗದದಲ್ಲಿದ್ದರೂ ಪೇಟೆಯಲ್ಲಿ ದೊರೆತುದು ಅದಕ್ಕಿಂತ ಬಹಳ ಕಡಿಮೆ. 2025ರ ನವೆಂಬರಿನಲ್ಲಿ ಗದಗ, ಹಾವೇರಿ ಸೀಮೆಯ ಬೆಳೆಗಾರರು ಬೀದಿಗೆ ಬರಬೇಕಾಯಿತು.

ನನ್ನ ಹಳೆಯ ಶಿಷ್ಯನೊಬ್ಬನು ಇಂಥದೊಂದು ಮದ್ಯಸಾರದ ಕಾರ್ಖಾನೆಯಲ್ಲಿದ್ದಾನೆ. ಅವನು ಪ್ರೀತಿಯಿಂದ ನನ್ನನ್ನು ಕರೆದೊಯ್ದು ಎಲ್ಲವನ್ನೂ ತೋರಿಸಿದನು. ಹಿಟ್ಟಾದ ಜೋಳವು ದೊಡ್ಡ ದೊಡ್ಡ ಕೊಪ್ಪರಿಗೆಗಳಲ್ಲಿ ಗಂಜಿಯಾಗಿ ಹುಳಿಯುತ್ತಿದ್ದಿತು. ಎರಡು ದಿನ ಮರೆತ ದೋಸೆಹಿಟ್ಟಿನ ವಾಸನೆ. ಹಿಟ್ಟು ಮೊದಲು ಸಕ್ಕರೆಯಾಗಬೇಕು; ಆ ಸಕ್ಕರೆಯ ನೂರು ತೂಕದಲ್ಲಿ ಐವತ್ತೊಂದು ತೂಕದಷ್ಟು ಮಾತ್ರ ಮದ್ಯಸಾರವಾಗಬಲ್ಲದು, ಮಿಕ್ಕುದು ಅಂಗಾರಾಮ್ಲವಾಯುವಾಗಿ ಗುಳ್ಳೆಗುಳ್ಳೆಯಾಗಿ ಹೋಗುವುದೆಂದು ಅವನು ವಿವರಿಸಿದನು. ಒಂದು ಟನ್ನು ಜೋಳದಿಂದ ಸುಮಾರು 380 ಲೀಟರು ಮದ್ಯಸಾರ; ಅಷ್ಟು ಮದ್ಯಸಾರದ ಉರಿಯುವ ಶಕ್ತಿಯು ಅದೇ ಅಳತೆಯ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು. ಕೊನೆಯಲ್ಲಿ ಒಣಗಿಸುವ ಯಂತ್ರದಿಂದ ಹೊಂಬಣ್ಣದ ಹಿಂಡಿಯು ಸುರಿಯುತ್ತಿದ್ದಿತು. ಟನ್ನಿಗೆ ಸುಮಾರು 300 ಕಿಲೋ. ನಾನು ಅದನ್ನು ಕೈಯಲ್ಲಿ ಹಿಡಿದು, “ಇದು ಎಲ್ಲಿಗೆ ಹೋಗುತ್ತದೆ?” ಎಂದು ಕೇಳಿದೆ. “ಕೋಳಿ, ದನಗಳ ಮೇವಿಗೆ, ಸ್ವಾಮಿ. ಯಾರು ಹೆಚ್ಚು ಬೆಲೆ ಕೊಟ್ಟರೆ ಆ ಊರಿಗೆ” ಎಂದನು. “ಜೋಳ ಬಂದ ಹೊಲಕ್ಕೆ?” ಎಂದೆ. ಅವನು ನಕ್ಕನು. ಆ ನಗೆಯಲ್ಲಿ ಅವಿನಯವಿರಲಿಲ್ಲ. ಅಂಥ ಪ್ರಶ್ನೆಯನ್ನು ಅಲ್ಲಿ ಇನ್ನಾರೂ ಕೇಳಿರಲಿಲ್ಲ, ಅಷ್ಟೆ.

ಲೆಕ್ಕವು ಸುಲಭ. ಮದ್ಯಸಾರವೂ ಎಣ್ಣೆಯಂತೆಯೇ ಗಾಳಿ ನೀರುಗಳಿಂದ ಆದುದು; ಅದನ್ನು ಎಷ್ಟು ಉರಿಸಿದರೂ ನೆಲಕ್ಕೆ ಕೇಡಿಲ್ಲ. ಆದರೆ ಒಂದು ಟನ್ನು ಜೋಳದ ಕಾಳಿನೊಡನೆ ಸುಮಾರು 15 ಕಿಲೋ ಸಾರಜನಕವು ಹೊಲವನ್ನು ಬಿಟ್ಟು ಹೋಗುತ್ತದೆ. ಅದು ಹಿಂಡಿಯೊಡನೆ ದೂರದೂರಿಗೆ ನಡೆದರೆ ಹೊಲದವನು ಏನು ಮಾಡಬೇಕು? ಯೂರಿಯಾ ಕೊಳ್ಳಬೇಕು. ನಮ್ಮ ದೇಶದ ಯೂರಿಯಾ ಬಹುಪಾಲು ಭೂಗರ್ಭದ ಅನಿಲದಿಂದಲೇ ಆಗತಕ್ಕದ್ದು. ಹಾಗಾದರೆ ಭೂಗರ್ಭದ ಅನಿಲವನ್ನು ಹೊಲಕ್ಕೆ ಹಾಕಿ, ಜೋಳವನ್ನು ಬೆಳೆದು, ಅದರ ಮದ್ಯಸಾರವನ್ನು ‘ನವೀಕರಿಸಬಹುದಾದ’ ಇಂಧನವೆಂದು ಕರೆಯುತ್ತಿದ್ದೇವೆ. ನವೀಕರಣವು ಪೂರ್ತಿ ಸುಳ್ಳೆಂದು ನಾನು ಹೇಳುವುದಿಲ್ಲ, ಅರ್ಧವಾಗಿದೆಯೆಂದು ಹೇಳುತ್ತೇನೆ. ಆಕಾಶದ ಸಾಲವು ತೀರುತ್ತಿದೆ. ನೆಲದ ಸಾಲವು ಬೆಳೆಯುತ್ತಿದೆ.

ಈ ವಿಚಾರವು ನನ್ನ ಮನೆಯ ಬಾಗಿಲಿಗೂ ಬಂದಿತು. ನಮ್ಮ ಕುಟುಂಬಕ್ಕೆ ಮೂರು ಎಕರೆ ಖುಷ್ಕಿ ಹೊಲವುಂಟು. ಅದನ್ನು ನನ್ನ ತಮ್ಮನ ಮಗನು ಸಾಗುವಳಿ ಮಾಡುತ್ತಾನೆ. ಮೊದಲು ರಾಗಿ, ನಡುವೆ ಅವರೆ, ಹಿಂಗಾರಿಗೆ ಹುರುಳಿ ಬೆಳೆಯುತ್ತಿದ್ದ ನೆಲದಲ್ಲಿ ಕೆಲವು ವರ್ಷಗಳಿಂದ ಮೆಕ್ಕೆಜೋಳವೊಂದೇ. ಕಳೆದ ವರ್ಷ ಅವನು ಬಂದು, ಬದುವಿನ ಮೇಲಣ ಒಂಬತ್ತು ಹೊಂಗೆಮರಗಳನ್ನು ಕಡಿಸಿಬಿಡೋಣವೆಂದನು. ನೆರಳಿಗೆ ಜೋಳವು ಸೊರಗುತ್ತದೆ, ಬೀಜವನ್ನು ಆಯಿಸಲು ಕೂಲಿಯವರು ಸಿಕ್ಕುವುದಿಲ್ಲ. ಅವನ ಮಾತು ಸುಳ್ಳಲ್ಲ. ನಾನು ಹಿಂಡಿಯ ವಿಷಯವನ್ನೂ ದ್ವಿದಳಧಾನ್ಯದ ಬೇರು ನೆಲಕ್ಕೆ ಸಾರಜನಕವನ್ನು ತರುವ ವಿಷಯವನ್ನೂ ಹೇಳಿದೆ. ಅವನು ತಾಳ್ಮೆಯಿಂದ ಕೇಳಿ, “ದೊಡ್ಡಪ್ಪ, ನೀವು ಹೇಳುವ ‘ತಕ್ಕದ್ದು’ ನನ್ನೊಬ್ಬನಿಗೇ ಏಕೆ? ಲೀಟರಿಗೆ ಎಪ್ಪತ್ತೊಂದು ರೂಪಾಯಿ ಕೊಡುವ ಲೆಕ್ಕದಲ್ಲಿ ಹುರುಳಿ ಬಿತ್ತಿ ಹೊಲವನ್ನು ಸುಧಾರಿಸಿಕೊಳ್ಳುವ ವರ್ಷಕ್ಕೆ ಎಷ್ಟು ಪೈಸೆಯನ್ನು ಇಟ್ಟಿದ್ದಾರೆ?” ಎಂದು ಕೇಳಿದನು.

ಈ ಪ್ರಶ್ನೆಗೆ ವ್ಯಾಕರಣದಲ್ಲಿ ಉತ್ತರವಿಲ್ಲ. ನನ್ನ ತಕರಾರಿಗಿಂತ ಅವನದು ದೊಡ್ಡದೆಂದು ನನಗೆ ತೋರಿತು. ‘ಬಹುದು’ ಎಂಬುದರ ಸೌಕರ್ಯವೆಲ್ಲ ಕೊಳ್ಳುವವರಿಗೂ, ‘ತಕ್ಕದ್ದು’ ಎಂಬುದರ ಭಾರವೆಲ್ಲ ಬೆಳೆಯುವವನಿಗೂ ಹಂಚಿಹೋದರೆ, ಆ ಭಾರವನ್ನು ಅವನು ಒಂದು ದಿನ ಬದುವಿನ ಮೇಲೆ ಇಳಿಸಿಯೇ ಇಳಿಸುತ್ತಾನೆ. ಮೇದರವನು ಮುಳ್ಳನ್ನು ಉಳಿಸಿದುದು ನಾಳೆಯ ಗಳುವು ತನ್ನದೆಂಬ ಭರವಸೆಯಿಂದ. ನಮ್ಮ ಅಧ್ಯಾಪಕರು ಹಿಂಡಿಗಾಗಿ ಗಾಣದವನೊಡನೆ ಜಗಳವಾಡಿದುದು ಗದ್ದೆಯೂ ದೀಪವೂ ಒಂದೇ ಮನೆಯವಾದುದರಿಂದ. ಇಂದು ದೀಪವು ಒಂದೆಡೆ, ಗದ್ದೆಯು ಒಂದೆಡೆ. ಮಧ್ಯೆ ಇರುವವನು ಲೆಕ್ಕಪತ್ರದವನು. ಅವನ ಪುಸ್ತಕದಲ್ಲಿ ಹಿಂಡಿಯು ಹೊಲಕ್ಕೆ ಹಿಂದಿರುಗುವ ಕಲಮು ಇಲ್ಲ. ಆ ಕಲಮನ್ನು ಬೆಲೆಯಲ್ಲಿಯೇ ಬರೆಯುವ ತನಕ, ಎಂದರೆ ನವೀಕರಣದ ವೆಚ್ಚವನ್ನು ಇಂಧನವನ್ನು ಉರಿಸುವವರೂ ಪಾಲಾಗಿ ಹೊರುವ ತನಕ, ಗಿಡದಿಂದ ಬಂದ ಇಂಧನವೂ ಗಣಿಯಿಂದ ತೆಗೆದುದರಂತೆಯೇ ನಡೆದುಕೊಳ್ಳುವುದು. ವ್ಯತ್ಯಾಸವಿಷ್ಟೆ: ಗಣಿಯು ಪಾತಾಳದಲ್ಲಿರುವುದಕ್ಕೆ ಬದಲಾಗಿ ನಮ್ಮ ಹೊಲದ ಮೇಲ್ಮಣ್ಣಿನಲ್ಲಿರುವುದು.

ಸರಕಾರದ ಲೆಕ್ಕವನ್ನು ತಿದ್ದುವುದು ನನ್ನಂಥವನ ಅಳವಲ್ಲ. ಮನೆಯ ಲೆಕ್ಕವನ್ನು ತಿದ್ದಬಹುದು. ಹುರುಗಡಲೆಯನ್ನು ಮೆಲ್ಲುತ್ತ ಜಗಲಿಯ ಮೇಲೆ ಕುಳಿತು ನಾವಿಬ್ಬರೂ ಚೌಕಾಸಿ ಮಾಡಿದೆವು. ಎರಡು ಮರಗಳ ನೆರಳು ನಿಜವಾಗಿ ಬಹಳವಾಗಿದ್ದಿತು. ಅವುಗಳ ಕೊಂಬೆಗಳನ್ನು ಪ್ರತಿವರ್ಷ ಸವರಿಸಿ ಸೊಪ್ಪನ್ನು ಹೊಲಕ್ಕೇ ಹಾಕುವುದೆಂದು ಒಪ್ಪಿದೆ. ಹುರುಳಿ, ಅವರೆಗಳ ಸರದಿಯಿಂದ ಅವನಿಗಾಗುವ ನಷ್ಟದಲ್ಲಿ ಅರ್ಧವನ್ನು ನನ್ನ ನಿವೃತ್ತಿವೇತನದಿಂದ ಕೊಡುವುದೆಂದು ನಾನೇ ಹೇಳಿದೆ. ಅವನು ಮೊದಲು ಬೇಡವೆಂದು, ಆಮೇಲೆ ಬರೆದಿಡುವುದಾದರೆ ಆಗಬಹುದೆಂದನು. ರೈತನ ಮಾತು, ಸರಿಯಾದ ಮಾತು. ಹೀಗೆ ಒಂದು ಹಾಳೆಯ ಮೇಲೆ ನನ್ನ ಕೈಬರಹದಲ್ಲಿ ಮೂರು ಕಲಮುಗಳ ಕರಾರಾಯಿತು: ಮೂರನೆಯ ವರ್ಷಕ್ಕೊಮ್ಮೆ ಎಕರೆಯಲ್ಲಿ ದ್ವಿದಳಧಾನ್ಯವನ್ನು ಬಿತ್ತತಕ್ಕದ್ದು. ಅದರಿಂದಾಗುವ ನಷ್ಟವನ್ನು ಇಬ್ಬರೂ ಸಮನಾಗಿ ಹೊರತಕ್ಕದ್ದು. ಹೊಂಗೆಯ ಎಣ್ಣೆಯನ್ನು ಯಾರಿಗೆ ಬೇಕಾದರೂ ಮಾರಬಹುದು. ಹಿಂಡಿಯು ಈ ಹೊಲಕ್ಕೇ ಸೇರತಕ್ಕದ್ದು.